ಬೀದರಿನ ಮಂತ್ರಿ ಮಹಮೂದ್ ಗವಾನ್

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಬೀದರಿಗೆ ಹೋಗಿದ್ದೆನು. ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸೆಯ ಮುಂದೆ ನಾವು ನಿಂತಿದ್ದೆವು. ಉಳಿದಿರುವ ಒಂದೇ ಮಿನಾರನ್ನೂ ಗೋಡೆಯ ಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ಬಣ್ಣದ ಹೆಂಚುಗಳನ್ನೂ ನೋಡುತ್ತಿದ್ದ ಒಬ್ಬ ವಿದ್ಯಾರ್ಥಿ, ಇಷ್ಟು ದೊಡ್ಡ ಮಂತ್ರಿಯನ್ನು ಒಂದು ಕಳ್ಳ ಕಾಗದ ಹೇಗೆ ಕೊಂದಿತೆಂದು ಕೇಳಿದನು. ಕೆಟ್ಟವರು ಒಟ್ಟುಗೂಡಿದ್ದರು ಎಂದು ಹೇಳಿ ಮಾತು ಮುಗಿಸಿದೆನು. ಆ ಉತ್ತರ ಸಾಲದೆಂದು ನನಗೆ ಆಗಲೇ ತೋರಿತ್ತು. ಈಗ ಅದನ್ನು ಸರಿಪಡಿಸಲು ಯತ್ನಿಸುತ್ತೇನೆ.

ಗವಾನನು ಪಾರಸಿಕ ದೇಶದ ಗೀಲಾನ್ ಪ್ರಾಂತದವನು. ಅಲ್ಲಿ ಅವನ ಮನೆತನ ರಾಜಸೇವೆಯಲ್ಲಿದ್ದುದು; ಆಸ್ಥಾನದ ವೈರಗಳ ದೆಸೆಯಿಂದ ಅವನು ತಾಯ್ನಾಡನ್ನು ಬಿಟ್ಟು ವ್ಯಾಪಾರಿಯಾದನು. 1453ರಲ್ಲಿ ದಾಭೋಳ ಬಂದರಿಗೆ ಬಂದಿಳಿದು, ಅಲ್ಲಿಂದ ಬಹಮನಿ ರಾಜಧಾನಿಯಾದ ಬೀದರನ್ನು ಸೇರಿದನು. ಆಗ ಅವನಿಗೆ ನಲವತ್ತು ದಾಟಿತ್ತು. ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು. ಈ ವಯಸ್ಸಿನಲ್ಲಿ ಪರದೇಶದಲ್ಲಿ ಬಾಳನ್ನು ಮೊದಲಿನಿಂದ ಕಟ್ಟುವುದು ಎಂತಹ ಸಾಹಸವೆಂಬುದನ್ನು ನಾನು ಊಹಿಸಬಲ್ಲೆನು.

ಅವನು ಬಂದ ಆಸ್ಥಾನವಾದರೂ ನೆಮ್ಮದಿಯ ತಾಣವಾಗಿರಲಿಲ್ಲ. ಈ ನೆಲದಲ್ಲಿ ಬೇರೂರಿದ ದಖ್ಖನಿಗಳು ಒಂದು ಪಕ್ಷ. ಕಡಲಾಚೆಯಿಂದ ಬಂದ ಅಫಾಕಿಗಳು ಇನ್ನೊಂದು. ಗವಾನನು ಬರುವ ಕೆಲವೇ ವರ್ಷಗಳ ಮೊದಲು ಚಾಕಣದಲ್ಲಿ ಅಫಾಕಿಗಳ ಸಾಮೂಹಿಕ ಹತ್ಯೆ ನಡೆದಿತ್ತು. ಹುಮಾಯೂನ್ ಷಹನು ಅವನಿಗೆ ದೊಡ್ಡ ಪದವಿಗಳನ್ನಿತ್ತನು. 1461ರಲ್ಲಿ ಆ ಸುಲ್ತಾನನು ತೀರಿಕೊಂಡ ಬಳಿಕ ಸಿಂಹಾಸನಕ್ಕೆ ಒಬ್ಬರ ಅನಂತರ ಒಬ್ಬರಂತೆ ಇಬ್ಬರು ಬಾಲಕರು ಬಂದರು. ರಾಜಮಾತೆಯೊಡನೆ ರಾಜ್ಯಭಾರವನ್ನು ಹೊತ್ತ ಗವಾನನು, ಮೂರನೆಯ ಮಹಮ್ಮದ್ ಷಹನ ಕಾಲದಲ್ಲಿ ಪ್ರಧಾನಮಂತ್ರಿಯಾದನು. 1472ರಲ್ಲಿ ವಿಜಯನಗರದವರಿಂದ ಗೋವೆಯನ್ನು ಗೆದ್ದುಕೊಂಡನು. ಮರುವರ್ಷ ಬೆಳಗಾವಿಯೂ ಬಹಮನಿಗಳ ವಶವಾಯಿತು. ಅವನ ಮದರಸೆಗೆ ಮೂರು ಸಾವಿರ ಹಸ್ತಪ್ರತಿಗಳ ಭಂಡಾರವಿತ್ತೆಂದು ಪ್ರತೀತಿ.

ಆದರೆ ಶತ್ರುಗಳನ್ನು ಹುಟ್ಟಿಸಿದ್ದು ಅವನ ಯುದ್ಧಗಳಲ್ಲ, ಅವನ ಸುಧಾರಣೆಗಳು. ನಾಲ್ಕು ದೊಡ್ಡ ಪ್ರಾಂತಗಳನ್ನು ಅವನು ಎಂಟಾಗಿ ಒಡೆದನು. ಗುಲಬರ್ಗದಿಂದ ವಿಜಾಪುರವೂ ದೌಲತಾಬಾದಿನಿಂದ ಜುನ್ನರವೂ ಬೇರೆಯಾದವು. ತೆಲಂಗಾಣವು ರಾಜಮಹೇಂದ್ರಿ, ವಾರಂಗಲ್ಲುಗಳೆಂದು ಇಬ್ಭಾಗವಾಯಿತು. ಪ್ರಾಂತಾಧಿಪತಿಯ ಕೈಯಲ್ಲಿ ಒಂದೇ ಕೋಟೆಯನ್ನುಳಿಸಿ, ಮಿಕ್ಕವನ್ನು ಸುಲ್ತಾನನೇ ನೇಮಿಸಿದ ಕಿಲ್ಲೇದಾರರಿಗೆ ಒಪ್ಪಿಸಿದನು. ಲೆಕ್ಕದಲ್ಲಿ ಇದ್ದು ಸೈನ್ಯದಲ್ಲಿ ಇಲ್ಲದ ಭಟರ ಸಂಬಳವನ್ನು ಸರದಾರರಿಂದ ಮುರಿದುಕೊಂಡನು. ಭೂಮಿಯನ್ನು ಅಳೆಯಿಸಿ ಕಂದಾಯವನ್ನು ಗೊತ್ತುಮಾಡಿದನು. ರಾಜ್ಯಕ್ಕೆ ಇವೆಲ್ಲವೂ ಹಿತವೇ. ಆದರೆ ತಲೆತಲಾಂತರವಾಗಿ ತಮ್ಮದೆಂದು ನಂಬಿದ್ದನ್ನು ಕಳೆದುಕೊಂಡ ಸರದಾರರಿಗೆ ಅದು ಹಿತವೆನಿಸಲಿಲ್ಲ. ಎರಡು ಪಕ್ಷಗಳಿಗೂ ಅಧಿಕಾರವನ್ನು ಸಮನಾಗಿ ಹಂಚಲು ಗವಾನನು ಯತ್ನಿಸಿದನು. ಅದರಿಂದಲೂ ಹಳೆಯ ಅನುಮಾನ ಅಳಿಯಲಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಸರದಾರರಿಂದ ಕಿತ್ತುಕೊಂಡ ಬಲವೆಲ್ಲ ಸುಲ್ತಾನನೊಬ್ಬನಲ್ಲಿ ಸೇರಿತು. ಆ ಸುಲ್ತಾನನೋ ಮೂವತ್ತು ತುಂಬದ ತರುಣ, ಮದ್ಯಕ್ಕೆ ವಶನಾದವನು. ಅಸಮಾಧಾನವನ್ನು ಬಹಿರಂಗವಾಗಿ ಹೇಳಿ ವಾದಿಸಲು ಎಡೆಯಿರಲಿಲ್ಲ. ಅವನೊಬ್ಬನ ಕಿವಿಯನ್ನು ಗೆದ್ದವನು ರಾಜ್ಯವನ್ನೇ ಗೆದ್ದಂತೆ. ಹೀಗೆ ಗವಾನನ ಸುಧಾರಣೆಯೇ ಅವನ ವೈರಿಗಳ ಕೆಲಸವನ್ನು ಹಗುರಗೊಳಿಸಿತೆಂದು ನನಗೆ ಅನಿಸುತ್ತದೆ.

ತೆಲಂಗಾಣದಲ್ಲಿ ಅಧಿಕಾರ ಮೊಟಕಾಗಿದ್ದ ಮಲಿಕ್ ಹಸನನು ಕೂಟದ ಮುಖಂಡನಾದನು. ಗವಾನನ ಮುದ್ರಾಧಿಕಾರಿಯನ್ನು ಕಾಣಿಕೆಗಳಿಂದಲೂ ಮದ್ಯದಿಂದಲೂ ಒಲಿಸಿಕೊಂಡು, ಬರಿಯ ಹಾಳೆಯೊಂದರ ಮೇಲೆ ಮುದ್ರೆಯನ್ನೊತ್ತಿಸಿದರು. ಒರಿಸ್ಸದ ದೊರೆ ದಂಡೆತ್ತಿ ಬರಲಿ ಎಂದು ಗವಾನನೇ ಕರೆದಂತೆ ಅದರಲ್ಲಿ ಬರೆದು ಸುಲ್ತಾನನಿಗೆ ತೋರಿಸಿದರು. ಗವಾನನ ಆಪ್ತನಾದ ಯೂಸುಫ್ ಆದಿಲ್ ಖಾನನು ಆಗ ದೂರದ ದಂಡಯಾತ್ರೆಯಲ್ಲಿದ್ದನು. ಆ ಸಮಯವನ್ನೇ ಅವರು ಕಾದಿದ್ದರು.

ಕೊಂಡಪಲ್ಲಿಯ ಪಾಳೆಯಕ್ಕೆ ಕರೆ ಬಂದಿತು. ಹೋಗಬಾರದೆಂದೂ ಗುಜರಾತಿಗೆ ತಪ್ಪಿಸಿಕೊಳ್ಳಬೇಕೆಂದೂ ಹಿತೈಷಿಗಳು ಬೇಡಿಕೊಂಡರೆಂದು ಚರಿತ್ರಕಾರ ಫೆರಿಷ್ತಾ ತಿಳಿಸುತ್ತಾನೆ. ಗೀಲಾನನ್ನು ಒಮ್ಮೆ ಬಿಟ್ಟುಬಂದಿದ್ದ ವೃದ್ಧನು ಈ ಸಲ ಓಡಲಿಲ್ಲ. ಮುದ್ರೆ ತನ್ನದೇ, ಬರಹ ತನ್ನದಲ್ಲವೆಂದು ಅವನು ಅರಿಕೆಮಾಡಿದನು. ಪತ್ರ ಕಟ್ಟಿದ ಸುದ್ದಿಯನ್ನಾಗಲಿ, ಪತ್ರವನ್ನು ತಂದವನನ್ನಾಗಲಿ ಸುಲ್ತಾನನು ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ಗವಾನನ ಶಿರಚ್ಛೇದವಾಯಿತು. ಆಗ ಅವನಿಗೆ ವಯಸ್ಸು ಎಪ್ಪತ್ತರ ಸುಮಾರು. ಅವನ ಮನೆಯಲ್ಲಿ ರಾಶಿ ಹೊನ್ನನ್ನು ನಿರೀಕ್ಷಿಸಿದ್ದ ಸುಲ್ತಾನನಿಗೆ ಸಿಕ್ಕಿದ್ದು ಅತ್ಯಲ್ಪ. ವರಮಾನವೆಲ್ಲ ಸೈನ್ಯಕ್ಕೂ ದಾನಕ್ಕೂ ಸಂದಿತ್ತು; ತನ್ನ ಊಟದ ವೆಚ್ಚವನ್ನು ಮಂತ್ರಿಯು ಹಳೆಯ ವ್ಯಾಪಾರದ ಬಂಡವಾಳದಿಂದಲೇ ನಡೆಸುತ್ತಿದ್ದನಂತೆ.

ಒಂದು ವರ್ಷ ತುಂಬುವುದರೊಳಗೆ, 1482ರಲ್ಲಿ, ಸುಲ್ತಾನನೂ ತೀರಿಕೊಂಡನು. ಮಂತ್ರಿಪದವಿಯನ್ನೇರಿದ ಮಲಿಕ್ ಹಸನನು 1486ರಲ್ಲಿ ಬೀದರಿನಲ್ಲಿ, ಮಿತ್ರನೆಂದು ನಂಬಿದವನಿಂದಲೇ ಹತನಾದನು. 1490ರ ವೇಳೆಗೆ ಅವನ ಮಗ ಅಹಮದನಗರದಲ್ಲಿಯೂ ಯೂಸುಫನು ವಿಜಾಪುರದಲ್ಲಿಯೂ ಸ್ವತಂತ್ರರಾದರು. ಕಾಲಕ್ರಮದಲ್ಲಿ ಒಂದು ರಾಜ್ಯ ಐದಾಯಿತು. ಸಂಚು ಗೆದ್ದವರಿಗೆ ಸಿಕ್ಕಿದ್ದು ಅದನ್ನೇ ಮತ್ತೊಮ್ಮೆ ಹೂಡುವ ಪಾಠ; ಬಲಿಯಾದದ್ದು ರಾಜ್ಯ.

ಆ ವಿದ್ಯಾರ್ಥಿಗೆ ಇಂದು ನಾನು ಕೊಡುವ ಉತ್ತರ ಇಷ್ಟು. ಸಂಚಿಗೆ ಸ್ವಾರ್ಥವೊಂದೇ ಸಾಲದು. ನಷ್ಟಪಟ್ಟವರು ಬಾಯಿಬಿಟ್ಟು ಹೇಳಲಾರದ ಆಸ್ಥಾನ ಬೇಕು. ವಿಚಾರಿಸದೆ ನಂಬುವ ಒಬ್ಬ ಒಡೆಯನೂ ಬೇಕು. ಮಲಿಕ್ ಹಸನನನ್ನು ಹಳಿಯುವುದು ಸುಲಭ. ಆದರೆ ಹಿಂದೊಮ್ಮೆ ನಾನು ಕೆಲಸದಲ್ಲಿದ್ದ ಕಡೆ, ಸಹೋದ್ಯೋಗಿಯೊಬ್ಬರ ಮೇಲಿನ ದೂರಿಗೆ, ಮಿಕ್ಕವರೆಲ್ಲ ಸಹಿ ಹಾಕಿದ್ದಾರೆಂಬ ಕಾರಣದಿಂದ, ಓದದೆಯೇ ನಾನೂ ಸಹಿ ಹಾಕಿದ್ದುಂಟು. ದೂರು ಸುಳ್ಳೆಂದು ಆಮೇಲೆ ತಿಳಿಯಿತು; ಅಷ್ಟರಲ್ಲಿ ಅವರು ಊರು ಬಿಟ್ಟಿದ್ದರು. ಗವಾನನ ಕಥೆಯನ್ನು ಪಾಠ ಹೇಳುವಾಗಲೆಲ್ಲ ಆ ಮುದ್ರಾಧಿಕಾರಿಯ ಹೆಸರಿಲ್ಲದ ಮುಖದಲ್ಲಿ ನನ್ನನ್ನೇ ಕಂಡಂತಾಗುತ್ತದೆ. ಬೀದರಿನ ಹೊರವಲಯದಲ್ಲಿ ಗವಾನನ ಸಮಾಧಿಯಿದೆ. ಆ ದಿನ ವೇಳೆ ಸಾಲದೆ ಅಲ್ಲಿಗೆ ಹೋಗಲಾಗಲಿಲ್ಲ. ಮುಂದಿನ ಸಲ ಮೊದಲು ಅಲ್ಲಿಗೇ ಹೋಗಬೇಕೆಂದಿದ್ದೇನೆ.