ಸೆರೆಂಗೆಟಿಯ ಎಣಿಕೆ: ಬರ್ನ್‌ಹಾರ್ಡ್ ಗ್ಜಿಮೆಕ್ ಅವರ ಜೀವನ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ಸಸ್ಯ ಮತ್ತು ಪ್ರಾಣಿಗಳ ಸಂರಕ್ಷಣೆಯ ಘಟಕವಿದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ವಲಸೆ ಇವೆಲ್ಲ ಅಲ್ಲಿ ವ್ಯಾಖ್ಯೆಗಳಾಗಿ ಬರುತ್ತವೆ. ಆದರೆ ಉದ್ಯಾನದ ಗಡಿಯನ್ನು ಯಾರು ಎಳೆಯುತ್ತಾರೆ, ಯಾವ ಆಧಾರದ ಮೇಲೆ ಎಳೆಯುತ್ತಾರೆ ಎಂಬ ಮಾತು ಬರುವುದಿಲ್ಲ. ಅಭ್ಯಾಸ ಬೋಧನೆಗೆ ಈ ಘಟಕ ನನ್ನ ಪಾಲಿಗೆ ಬಂದಾಗ, ಆ ಪ್ರಶ್ನೆಯನ್ನು ಒಬ್ಬ ಮನುಷ್ಯನ ಜೀವನದ ಮೂಲಕ ಹೇಳಲು ತೀರ್ಮಾನಿಸಿದೆ. ಅವರು ಜರ್ಮನಿಯ ಪಶುವೈದ್ಯ, ಮೃಗಾಲಯ ನಿರ್ದೇಶಕ ಮತ್ತು ಸಾಕ್ಷ್ಯಚಿತ್ರಕಾರ ಬರ್ನ್‌ಹಾರ್ಡ್ ಗ್ಜಿಮೆಕ್.

ಗ್ಜಿಮೆಕ್ ಹುಟ್ಟಿದ್ದು 1909ರ ಏಪ್ರಿಲ್ 24ರಂದು ನೀಸೆ ಎಂಬ ಪಟ್ಟಣದಲ್ಲಿ. ಆಗ ಅದು ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ತಂದೆ ವಕೀಲರು, ಮಗ ತೀರ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹುಡುಗನಿಗೆ ಕೋಳಿ ಸಾಕುವುದೆಂದರೆ ಪ್ರಾಣ. ಲೈಪ್‌ಜಿಗ್ ಮತ್ತು ಬರ್ಲಿನ್‌ಗಳಲ್ಲಿ ಪಶುವೈದ್ಯಕೀಯ ಓದಿ, 1933ರಲ್ಲಿ ಡಾಕ್ಟರೇಟ್ ಪಡೆದು, ಕೃಷಿ ಇಲಾಖೆಯಲ್ಲಿ ಪ್ರಾಣಿರೋಗಗಳ ಕೆಲಸಕ್ಕೆ ಸೇರಿದರು. 1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಫ್ರಾಂಕ್‌ಫರ್ಟ್ ಮೃಗಾಲಯದ ಹೊಣೆ ಅವರ ಹೆಗಲಿಗೆ ಬಂತು. ಬಾಂಬಿಗೆ ಸಿಕ್ಕ ಆ ಮೃಗಾಲಯದಲ್ಲಿ ಉಳಿದಿದ್ದದ್ದು ಬೆರಳೆಣಿಕೆಯ ದೊಡ್ಡ ಪ್ರಾಣಿಗಳು ಮಾತ್ರ. ಅದನ್ನು ಮುಚ್ಚಿಬಿಡುವ ಆಲೋಚನೆಯೂ ಇತ್ತು. ಗ್ಜಿಮೆಕ್ ಆವರಣದೊಳಗೆ ಜಾತ್ರೆಯ ಆಟ, ಸರ್ಕಸ್ಸು ನಡೆಸಿ ಜನರನ್ನು ಕರೆತಂದರು. ಟಿಕೆಟ್ಟಿನ ದುಡ್ಡಿನಲ್ಲಿ ಪ್ರಾಣಿಗಳನ್ನು ಉಳಿಸಿಕೊಂಡರು. ನಡುವೆ ಅವರ ಹಿಂದಿನ ನಾಜಿ ಪಕ್ಷದ ಸದಸ್ಯತ್ವದ ಪ್ರಶ್ನೆ ಎದ್ದು, ಆಕ್ರಮಿತ ಜರ್ಮನಿಯ ಅಮೆರಿಕನ್ ಆಡಳಿತ ಅವರನ್ನು ಕೆಲಕಾಲ ಹುದ್ದೆಯಿಂದ ದೂರವಿಟ್ಟಿತ್ತು. ನಂತರ ಮರಳಿ ಬಂದವರು 1974ರವರೆಗೂ ನಿರ್ದೇಶಕರಾಗಿದ್ದರು.

ಮೃಗಾಲಯಕ್ಕೆ ಒಕಾಪಿ ತರಲೆಂದು ಅವರು ಬೆಲ್ಜಿಯನ್ ಕಾಂಗೋಗೆ ಹೋದರು. ಅಲ್ಲಿ ಕಂಡದ್ದೆಂದರೆ ಕಾಡು ಪ್ರಾಣಿಗಳಿಗೆ ಜಾಗ ದಿನದಿನಕ್ಕೂ ಕಿರಿದಾಗುತ್ತಿದ್ದ ಸ್ಥಿತಿ. ಅದನ್ನು ಪುಸ್ತಕವಾಗಿ ಬರೆದರು. ಅದು ಸಿನಿಮಾ ಆಗಬೇಕೆಂದು ಒತ್ತಾಯ ಮಾಡಿದವನು ಮಗ ಮಿಖಾಯೆಲ್. ಆಗ ಅವನಿಗೆ ಇಪ್ಪತ್ತರ ಆಸುಪಾಸು. ಕಾಡು ಪ್ರಾಣಿಗಳಿಗೆ ಜಾಗವಿಲ್ಲ ಎಂಬ ಅರ್ಥದ ಹೆಸರಿನ ಆ ಚಿತ್ರ 1956ರಲ್ಲಿ ಬಿಡುಗಡೆಯಾಯಿತು. ಬರ್ಲಿನ್ ಚಲನಚಿತ್ರೋತ್ಸವದಲ್ಲಿ ಚಿನ್ನದ ಕರಡಿ ಪ್ರಶಸ್ತಿ ಬಂತು, ಹಣವೂ ಬಂತು. ಆ ಹಣದಿಂದ ಸೆರೆಂಗೆಟಿ ಉದ್ಯಾನಕ್ಕೆ ಭೂಮಿ ಕೊಳ್ಳಬಹುದೇ ಎಂದು ತಂದೆ ಮಗ ಬ್ರಿಟಿಷ್ ಆಡಳಿತದಲ್ಲಿದ್ದ ಟಾಂಗನ್ಯಿಕಾದ ಉದ್ಯಾನಾಧಿಕಾರಿಗಳನ್ನು ಕೇಳಿದರು. ಉದ್ಯಾನಗಳ ನಿರ್ದೇಶಕ ಪೀಟರ್ ಮೊಲ್ಲಾಯ್ ಬೇರೊಂದು ದಾರಿ ತೋರಿಸಿದರು. ಉದ್ಯಾನದ ಪೂರ್ವ ಭಾಗವನ್ನು ಕತ್ತರಿಸಿ ಬೇರೆ ಮಾಡುವ ಯೋಜನೆ ಸರ್ಕಾರದ ಮುಂದಿತ್ತು. ಆದರೆ ಅಲ್ಲಿ ಎಷ್ಟು ಪ್ರಾಣಿಗಳಿವೆ, ಮಳೆ ನಿಂತ ಮೇಲೆ ಅವು ಎತ್ತ ಹೋಗುತ್ತವೆ ಎಂಬುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಭೂಮಿ ಕೊಳ್ಳುವ ಬದಲು ಅದನ್ನು ಕಂಡುಹಿಡಿಯಿರಿ ಎಂಬುದು ಅವರ ಸಲಹೆ.

ತಂದೆ ಮಗ ಇಬ್ಬರೂ ವಿಮಾನ ಹಾರಿಸಲು ಕಲಿತರು. ಡಾರ್ನಿಯರ್ ಕಂಪನಿಯ ಸಣ್ಣ ವಿಮಾನವೊಂದನ್ನು ಕೊಂಡು, ಅದಕ್ಕೆ ಜೀಬ್ರಾದ ಪಟ್ಟೆಗಳನ್ನು ಬಳಿಸಿ, 1957ರ ಡಿಸೆಂಬರಿನಲ್ಲಿ ಫ್ರಾಂಕ್‌ಫರ್ಟಿನಿಂದ ಹೊರಟು ಮೆಡಿಟರೇನಿಯನ್ ದಾಟಿ ಆಫ್ರಿಕದ ಮೇಲೆ ಹಾರುತ್ತ ಸೆರೆಂಗೆಟಿಗೆ ಬಂದಿಳಿದರು. ಬಯಲನ್ನು ನಕ್ಷೆಯಲ್ಲಿ ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿನ ಮೇಲೂ ನೇಗಿಲ ಸಾಲಿನಂತೆ ಅತ್ತಿಂದಿತ್ತ ತಗ್ಗಿನಲ್ಲಿ ಹಾರುತ್ತ, ಕೆಳಗೆ ಕಂಡದ್ದನ್ನು ಕಣ್ಣಿನಿಂದಲೇ ಎಣಿಸಿದರು. ಮೊತ್ತ 3,66,980 ಪ್ರಾಣಿಗಳು. ಅದರಲ್ಲಿ ವೈಲ್ಡ್‌ಬೀಸ್ಟ್ 99,481. ಕೆಲವು ಪ್ರಾಣಿಗಳಿಗೆ ಬಣ್ಣದ ಕೊರಳಪಟ್ಟಿ ಕಟ್ಟಿ ಅವು ಹೋದ ದಾರಿಯನ್ನು ಗುರುತಿಸಿದರು. ಹುಲ್ಲು ಮತ್ತು ಮಣ್ಣಿನ ಮಾದರಿಗಳನ್ನೂ ಸಂಗ್ರಹಿಸಿದರು. ಮಳೆಗಾಲದಲ್ಲಿ ಹಿಂಡುಗಳು ಸೇರುವುದು ಪೂರ್ವದ ಗಿಡ್ಡ ಹುಲ್ಲಿನ ಬಯಲಿನಲ್ಲಿ. ಅದು ಜ್ವಾಲಾಮುಖಿಯ ಬೂದಿಯಿಂದಾದ ಮಣ್ಣು. ಅಲ್ಲಿನ ಹುಲ್ಲು ಪುಷ್ಟಿಕರ. ಕತ್ತರಿಸಿ ತೆಗೆಯಬೇಕೆಂದಿದ್ದ ಭಾಗದಲ್ಲೇ ಈ ಬಯಲಿನ ದೊಡ್ಡ ಪಾಲು ಇತ್ತು. ಕಾಗದದ ಮೇಲಿನ ಗೆರೆಗೂ ಹಿಂಡಿನ ನಡೆಗೂ ಸಂಬಂಧವೇ ಇರಲಿಲ್ಲ.

ಇಲ್ಲಿ ತರಗತಿಯ ಒಂದು ಮಾತು. ನಮ್ಮ ಘಟಕದಲ್ಲಿ ವಲಸೆಯೆಂದರೆ ಹಕ್ಕಿಗಳದು ಮಾತ್ರ. ನಾಲ್ಕು ಕಾಲಿನವೂ ವಲಸೆ ಹೋಗುತ್ತವೆ ಎಂಬುದನ್ನು ಮಕ್ಕಳಿಗೆ ಹೇಳಲು ಸೆರೆಂಗೆಟಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ಎಣಿಕೆಯ ಕಷ್ಟ ತಿಳಿಯಲೆಂದು ತಟ್ಟೆಯಲ್ಲಿ ಹುರುಳಿ ಕಾಳು ಹರಡಿ, ಐದು ಸೆಕೆಂಡು ತೋರಿಸಿ, ಬಟ್ಟೆ ಮುಚ್ಚಿ, ಎಷ್ಟಿತ್ತು ಎಂದು ಕೇಳಿದೆ. ಹೆಚ್ಚಿನ ಮಕ್ಕಳ ಅಂದಾಜು ನಿಜಕ್ಕಿಂತ ಕಡಿಮೆ ಇತ್ತು. ಆಮೇಲೆ ಅದೇ ತಟ್ಟೆಯ ಫೋಟೊ ತೆಗೆದು, ಚೌಕ ಗೆರೆ ಹಾಕಿ, ಒಂದೊಂದೇ ಚೌಕ ಎಣಿಸಿದೆವು. ಸೆರೆಂಗೆಟಿಯಲ್ಲೂ ಆದದ್ದು ಇದೇ. 1961ರಲ್ಲಿ ಬೇರೆ ವಿಜ್ಞಾನಿಗಳು ವಿಮಾನದಿಂದ ಫೋಟೊ ತೆಗೆದು ಎಣಿಸಿದಾಗ ವೈಲ್ಡ್‌ಬೀಸ್ಟ್‌ಗಳ ಸಂಖ್ಯೆ ಗ್ಜಿಮೆಕ್ ಅವರ ಲೆಕ್ಕದ ಎರಡು ಪಟ್ಟಿಗೂ ಹೆಚ್ಚಾಗಿತ್ತು. ಮುಂದೆ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ್ದರಿಂದ ರಿಂಡರ್‌ಪೆಸ್ಟ್, ಅಂದರೆ ನಮ್ಮ ಹಿರಿಯರು ದೊಡ್ಡರೋಗ ಎನ್ನುತ್ತಿದ್ದ ಪಿಡುಗು, ಕಾಡು ಪ್ರಾಣಿಗಳಿಂದಲೂ ಮರೆಯಾಯಿತು. ಹಿಂಡು ಹತ್ತು ಲಕ್ಷ ದಾಟಿತು. ಮೊದಲ ಲೆಕ್ಕ ತಪ್ಪಾಗಿದ್ದರೂ ಕೆಲಸಕ್ಕೆ ಬಂತು, ಏಕೆಂದರೆ ತಿದ್ದಲು ಒಂದು ಲೆಕ್ಕವಾದರೂ ಇತ್ತು. ಪಾಠ ಯೋಜನೆಯಲ್ಲಿ ಇದನ್ನು ನಾನು ವೈಜ್ಞಾನಿಕ ವಿಧಾನ ಎಂಬ ಶೀರ್ಷಿಕೆಯ ಕೆಳಗೆ ಹಾಕಿದ್ದೇನೆ, ಪ್ರಾಣಿಶಾಸ್ತ್ರದ ಕೆಳಗಲ್ಲ.

1959ರ ಜನವರಿ 10ರಂದು ಮಿಖಾಯೆಲ್ ಒಬ್ಬನೇ ವಿಮಾನ ಹಾರಿಸುತ್ತಿದ್ದ. ರಣಹದ್ದೊಂದು ರೆಕ್ಕೆಗೆ ಬಡಿಯಿತು, ವಿಮಾನ ಹಿಡಿತಕ್ಕೆ ಸಿಗದೆ ನೆಲಕ್ಕೆ ಬಿತ್ತು. ಅವನಿಗೆ 24 ವರ್ಷ. ಗೊರೊಂಗೊರೊ ಜ್ವಾಲಾಮುಖಿ ಕುಳಿಯ ಅಂಚಿನಲ್ಲಿ ಅವನನ್ನು ಮಣ್ಣು ಮಾಡಿದರು. ಅರ್ಧಕ್ಕೆ ನಿಂತಿದ್ದ ಚಿತ್ರವನ್ನೂ ಪುಸ್ತಕವನ್ನೂ ತಂದೆ ಅದೇ ವರ್ಷ ಮುಗಿಸಿದರು. ಹೆಸರು, ಸೆರೆಂಗೆಟಿ ಸಾಯಬಾರದು. 1960ರಲ್ಲಿ ಅದಕ್ಕೆ ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್ ಬಂತು. ಯುದ್ಧಾನಂತರ ಆಸ್ಕರ್ ಪಡೆದ ಮೊದಲ ಜರ್ಮನ್ ಚಿತ್ರ ಅದು. ಗಡಿಯ ವಿಷಯದಲ್ಲಿ ಮಾತ್ರ ಅವರ ಮಾತು ನಡೆಯಲಿಲ್ಲ. 1959ರಲ್ಲೇ ಗೊರೊಂಗೊರೊ ಮತ್ತು ಪೂರ್ವದ ಬಯಲು ಉದ್ಯಾನದಿಂದ ಬೇರೆಯಾದವು. ಈ ಭಾಗ ಓದಿದಾಗಲೆಲ್ಲ ನನಗೆ ಅನ್ನಿಸುವುದು, ಮಗನನ್ನು ಕಳೆದುಕೊಂಡ ವರ್ಷವೇ ಆ ಮನುಷ್ಯ ಸಂಕಲನದ ಮೇಜಿನ ಮುಂದೆ ಕುಳಿತು ಮಗ ತೆಗೆದ ಚಿತ್ರಗಳನ್ನು ಹೇಗೆ ನೋಡಿರಬಹುದು ಎಂದು.

ಆ ಹೊತ್ತಿಗೆ ಗ್ಜಿಮೆಕ್ ಜರ್ಮನಿಯ ಮನೆಮನೆಗೂ ಪರಿಚಿತರು. 1956ರಲ್ಲಿ ಆರಂಭವಾದ ಅವರ ಟಿವಿ ಕಾರ್ಯಕ್ರಮ ಮೂರು ದಶಕ ನಡೆಯಿತು. ಮೇಜಿನ ಹಿಂದೆ ಕುಳಿತು ಸಾವಧಾನವಾಗಿ ಮಾತಾಡುತ್ತಿದ್ದರು. ಮೇಜಿನ ಮೇಲೆ ಮೃಗಾಲಯದ ಯಾವುದಾದರೂ ಪ್ರಾಣಿ ತನ್ನ ಪಾಡಿಗೆ ತಾನು ಓಡಾಡಿಕೊಂಡಿರುತ್ತಿತ್ತು. (ನಮ್ಮ ಬೋಧನೋಪಕರಣಗಳ ಪಟ್ಟಿಗೆ ಇದನ್ನು ಸೇರಿಸುವ ಧೈರ್ಯ ಯಾರಿಗಿದೆಯೋ ತಿಳಿಯದು.) ಕಾರ್ಯಕ್ರಮದ ಕೊನೆಗೆ ಸಂರಕ್ಷಣೆಗಾಗಿ ಹಣ ಕೇಳುತ್ತಿದ್ದರು, ಜನ ಕೊಡುತ್ತಿದ್ದರು. ಒಮ್ಮೆ, ಪೂರ್ವ ಆಫ್ರಿಕಕ್ಕೆ ಅಗ್ಗದ ಪ್ರವಾಸ ಹೊರಡುತ್ತದೆಂದು ಟಿವಿಯಲ್ಲಿ ಹೇಳಿಬಿಟ್ಟರು. ಆಗ ಅಂಥ ಪ್ರವಾಸವೇ ಇರಲಿಲ್ಲ. ಜನ ಕೇಳಿಕೊಂಡು ಬಂದದ್ದರಿಂದ ಪ್ರವಾಸ ಕಂಪನಿಗಳು ನಿಜಕ್ಕೂ ಹೊರಡಿಸಿದವು. ಪ್ರವಾಸಿಗರ ಹಣವಿದ್ದರೆ ಸರ್ಕಾರಗಳು ಉದ್ಯಾನಗಳನ್ನು ಕಾಪಾಡುತ್ತವೆ ಎಂಬುದು ಅವರ ಲೆಕ್ಕ. ಫಲ ಒಳ್ಳೆಯದೇ ಇರಬಹುದು, ಆದರೆ ಶಿಕ್ಷಕರಾಗುವವರು ಈ ದಾರಿ ಹಿಡಿಯಬಾರದೆಂದೇ ನನ್ನ ಅಭಿಪ್ರಾಯ. ಟಾಂಗನ್ಯಿಕಾ 1961ರಲ್ಲಿ ಸ್ವತಂತ್ರವಾದ ಮೇಲೂ ಅವರು ಜೂಲಿಯಸ್ ನ್ಯೆರೆರೆ ಸರ್ಕಾರದೊಂದಿಗೆ ಕೆಲಸ ಮಾಡಿದರು. 1963ರಲ್ಲಿ ಮ್ವೆಕಾದಲ್ಲಿ ಆಫ್ರಿಕದವರಿಗೇ ವನ್ಯಜೀವಿ ನಿರ್ವಹಣೆ ಕಲಿಸುವ ಕಾಲೇಜು ತೆರೆದಾಗ ಅವರ ಫ್ರಾಂಕ್‌ಫರ್ಟ್ ಸಂಸ್ಥೆ ನೆರವು ಕೊಟ್ಟಿತು.

ಈಗ ಚಿತ್ರದಲ್ಲಿ ಸರಿಯಾಗಿ ಎಣಿಕೆಗೆ ಬಾರದವರ ವಿಷಯ. ಸೆರೆಂಗೆಟಿಯಲ್ಲಿ ಮಾಸಾಯಿ ಜನ ದನ ಮೇಯಿಸಿಕೊಂಡಿದ್ದರು. ರಾಷ್ಟ್ರೀಯ ಉದ್ಯಾನದೊಳಗೆ ಮನುಷ್ಯರು ವಾಸಿಸಬಾರದು, ಸ್ಥಳೀಯರೂ ಕೂಡದು ಎಂಬುದು ಗ್ಜಿಮೆಕ್ ಅವರ ದೃಢವಾದ ನಿಲುವು. 1959ರ ಬದಲಾವಣೆಯಲ್ಲಿ ಅಲ್ಲಿದ್ದ ಮಾಸಾಯಿಗಳನ್ನು ಗೊರೊಂಗೊರೊ ಕಡೆಗೆ ಕಳಿಸಲಾಯಿತು. ಸೆರೆಂಗೆಟಿಯ ಮೊರು ಬಂಡೆಗಳ ಮೇಲೆ ಅವರು ಬರೆದ ಗುರಾಣಿಯ ಚಿತ್ರಗಳು ಇಂದಿಗೂ ಇವೆ, ಬರೆದವರ ಮಕ್ಕಳು ಅಲ್ಲಿಲ್ಲ. ನಾನು ಪಾಠ ಮಾಡಿದ ಶಾಲೆ ಹೆಗ್ಗಡದೇವನಕೋಟೆ ತಾಲ್ಲೂಕಿನದು. ತರಗತಿಯಲ್ಲಿ ಜೇನು ಕುರುಬರ ಹಾಡಿಯ ಮಕ್ಕಳೂ ಇದ್ದರು. ಅವರ ಅಜ್ಜಂದಿರು ನಾಗರಹೊಳೆ ಕಾಡಿನೊಳಗಿದ್ದವರು. ಒಬ್ಬ ಹುಡುಗಿ ಎದ್ದು, ಮೇಡಂ, ಅವರು ಜನರನ್ನೂ ಎಣಿಸಿದ್ರಾ ಎಂದು ಕೇಳಿದಳು. ಜನರನ್ನು ಹೊರಗಿಡುವ ಮೊದಲು ಅವರ ಮಾತು ಕೇಳಬೇಕಿತ್ತು, ಅದು ಆಗಲಿಲ್ಲ ಎಂದು ಹೇಳಿದೆ. ಪಾಠದ ಕೊನೆಗೆ ಇಟ್ಟುಕೊಂಡಿದ್ದ ಮೌಲ್ಯಮಾಪನದ ಪ್ರಶ್ನೆಗಳನ್ನು ಬದಿಗಿಟ್ಟು ಉಳಿದ ಹತ್ತು ನಿಮಿಷ ಅವಳ ಪ್ರಶ್ನೆಗೇ ಕೊಟ್ಟೆ. ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ಸಮಯ ಹಂಚಿಕೆಗೆ ಅಂಕ ಕಡಿಮೆ ಕೊಟ್ಟು, ಪಕ್ಕದಲ್ಲೇ ಆ ಚರ್ಚೆಯನ್ನು ಮೆಚ್ಚಿ ಬರೆದಿದ್ದಾರೆ. ಗ್ಜಿಮೆಕ್ ಅವರ ಕಥೆಯನ್ನು ಹೇಳುವವರು ಈ ಭಾಗ ಬಿಟ್ಟು ಹೇಳಬಾರದು. ಈ ಭಾಗಕ್ಕಾಗಿ ಇಡೀ ಕಥೆಯನ್ನೇ ಬಿಡುವುದೂ ಸರಿಯಲ್ಲ.

ಉಳಿದ ವರ್ಷಗಳನ್ನು ಬೇಗ ಹೇಳಬಹುದು. 13 ಸಂಪುಟಗಳ ಪ್ರಾಣಿ ವಿಶ್ವಕೋಶವನ್ನು ಸಂಪಾದಿಸಿದರು. 1970ರಲ್ಲಿ ಬವೇರಿಯಾದ ಕಾಡು ಜರ್ಮನಿಯ ಮೊದಲ ರಾಷ್ಟ್ರೀಯ ಉದ್ಯಾನವಾಗಲು ದುಡಿದರು. ಅದೇ ವರ್ಷ ಸರ್ಕಾರದ ಪ್ರಕೃತಿ ಸಂರಕ್ಷಣಾ ಆಯುಕ್ತರಾದರು. ಕೆಲಸ ಸಾಗುತ್ತಿಲ್ಲವೆಂದು 1973ರಲ್ಲಿ ರಾಜೀನಾಮೆ ಕೊಟ್ಟರು. ಕೋಳಿ ಸಾಕಿ ಬೆಳೆದ ಈ ಮನುಷ್ಯ, ಇಕ್ಕಟ್ಟಿನ ಗೂಡುಗಳಲ್ಲಿ ಕೋಳಿಗಳನ್ನು ತುಂಬುವ ಪದ್ಧತಿಯ ವಿರುದ್ಧ ಟಿವಿಯಲ್ಲಿ ಗಟ್ಟಿಯಾಗಿ ಮಾತಾಡಿ ಕೋರ್ಟಿನ ಮೆಟ್ಟಿಲನ್ನೂ ಹತ್ತಬೇಕಾಯಿತು.

1987ರ ಮಾರ್ಚ್ 13ರಂದು ಫ್ರಾಂಕ್‌ಫರ್ಟಿನಲ್ಲಿ, ಮಕ್ಕಳೊಂದಿಗೆ ಕುಳಿತು ಸರ್ಕಸ್ ನೋಡುತ್ತಿದ್ದಾಗ ಅವರು ತೀರಿಕೊಂಡರು. ಅವರ ಚಿತಾಭಸ್ಮವನ್ನು ಆಫ್ರಿಕಕ್ಕೆ ಒಯ್ದು ಗೊರೊಂಗೊರೊ ಕುಳಿಯ ಅಂಚಿನಲ್ಲಿ ಮಗನ ಪಕ್ಕದಲ್ಲಿಟ್ಟರು. ಉದ್ಯಾನದಿಂದ ಬೇರೆಯಾಗಬಾರದೆಂದು ಅವರಿಬ್ಬರೂ ವಾದಿಸಿದ್ದ ನೆಲ ಅದು. ಗೊರೊಂಗೊರೊದ ಆ ಸೀಮೆಯಲ್ಲಿ ಮಾಸಾಯಿಗಳು ಇಂದಿಗೂ ದನ ಮೇಯಿಸುತ್ತಾರೆ, ಅಲ್ಲಿ ಯಾರಿರಬೇಕು ಎಂಬ ವ್ಯಾಜ್ಯ ಇನ್ನೂ ಮುಗಿದಿಲ್ಲ.