ಸ್ವಾಮಿ ರಾಮಾನಂದ ತೀರ್ಥರು ಮತ್ತು ಹೈದರಾಬಾದಿನ ಯುವಪೀಳಿಗೆ

ಹೈದರಾಬಾದ್ ಸಂಸ್ಥಾನದ ವಿಮೋಚನೆಯ ಇತಿಹಾಸವನ್ನು ಸಾಮಾನ್ಯವಾಗಿ 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಪೊಲೀಸ್ ಕಾರ್ಯಾಚರಣೆಯ ಸುತ್ತ ಹೆಣೆಯಲಾಗುತ್ತದೆ. ಸೈನ್ಯವು ಗಡಿ ದಾಟಿತು, ನಿಜಾಮರು ಶರಣಾದರು, ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ಸೇರಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಆದರೆ ಆ ಐದು ದಿನಗಳ ಹಿಂದೆ ಹತ್ತು ವರ್ಷಗಳ ಇನ್ನೊಂದು ಇತಿಹಾಸವಿದೆ. ಅದನ್ನು ರೂಪಿಸಿದವರಲ್ಲಿ ಬಹುಮಂದಿ ಹದಿನೇಳರಿಂದ ಇಪ್ಪತ್ತೈದರ ನಡುವಿನ ವಿದ್ಯಾರ್ಥಿಗಳು. ಓದು, ಉದ್ಯೋಗ, ಮದುವೆಗಳನ್ನು ಹಿರಿಯರೂ ಸರಕಾರವೂ ನಿಶ್ಚಯಿಸುತ್ತಿದ್ದ ಕಾಲದಲ್ಲಿ ತಮ್ಮ ಬದುಕಿನ ದಾರಿಯನ್ನು ತಾವೇ ಆರಿಸಿಕೊಳ್ಳಲು ಅವರು ಮುಂದಾದರು. ಆ ಪೀಳಿಗೆಗೆ ಗುರುವಾಗಿ, ನಾಯಕನಾಗಿ ನಿಂತವರು ಸ್ವಾಮಿ ರಾಮಾನಂದ ತೀರ್ಥರು.

ಸ್ವಾಮೀಜಿಯವರ ಪೂರ್ವಾಶ್ರಮದ ಹೆಸರು ವೆಂಕಟೇಶ ಭಗವಾನರಾವ್ ಖೇಡಗೀಕರ. ಅವರು ಹುಟ್ಟಿದ್ದು 1903ರ ಅಕ್ಟೋಬರ್ 3ರಂದು, ಅಂದಿನ ಬಿಜಾಪುರ, ಇಂದಿನ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ. ಕನ್ನಡ ನೆಲದಲ್ಲಿ ಹುಟ್ಟಿ, ಸೊಲ್ಲಾಪುರದಲ್ಲಿ ಓದಿ, ಮರಾಠಿ ಪ್ರದೇಶದಲ್ಲಿ ಶಿಕ್ಷಕರಾಗಿ ದುಡಿದು, ತೆಲುಗು, ಕನ್ನಡ, ಮರಾಠಿ, ಉರ್ದು ಎಂಬ ನಾಲ್ಕು ನುಡಿಗಳ ಜನ ಬೆರೆತಿದ್ದ ಹೈದರಾಬಾದನ್ನು ಕರ್ಮಭೂಮಿಯನ್ನಾಗಿ ಮಾಡಿಕೊಂಡ ಈ ಜೀವನಪಥವೇ ಸಂಸ್ಥಾನದ ಬಹುಭಾಷಿಕ ಸ್ವರೂಪವನ್ನು ಪ್ರತಿಬಿಂಬಿಸುತ್ತದೆ.

1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ತೀರಿಕೊಂಡಾಗ ವೆಂಕಟೇಶನಿಗೆ ಇನ್ನೂ ಹದಿನೇಳು ತುಂಬಿರಲಿಲ್ಲ. ಆ ಸಂದರ್ಭದಲ್ಲಿ ಅವನು ಆಜನ್ಮ ಬ್ರಹ್ಮಚಾರಿಯಾಗಿ ಉಳಿದು ದೇಶಸೇವೆಗೆ ಬದುಕನ್ನು ಮುಡಿಪಾಗಿಡುವ ಸಂಕಲ್ಪ ಮಾಡಿದನು. ಶೋಕದ ಆವೇಗದಲ್ಲಿ ಮಾಡಿದ ಇಂಥ ಪ್ರತಿಜ್ಞೆಗಳು ಹರೆಯದಲ್ಲಿ ಅಪರೂಪವಲ್ಲ. ಆಯುಷ್ಯದ ಉದ್ದಕ್ಕೂ ನಡೆಯುವಂಥವು ಅಪರೂಪ. ಅಸಹಕಾರ ಚಳವಳಿಯ ಕರೆ ಬಂದಾಗ ಆ ಹುಡುಗನು ಸರಕಾರಿ ಶಾಲೆಯನ್ನು ತೊರೆದನು. ಸರಕಾರಿ ಶಾಲೆಯನ್ನು ಬಿಡುವುದೆಂದರೆ ನೌಕರಿಯ ಭರವಸೆಯನ್ನು ಬಿಡುವುದೆಂದೇ ಅರ್ಥವಾಗಿದ್ದ ಕಾಲವದು. ಆದರೆ ಅವನು ಓದನ್ನು ಬಿಡಲಿಲ್ಲ. ಅಮಳನೇರದ ರಾಷ್ಟ್ರೀಯ ಶಾಲೆಯಲ್ಲಿಯೂ ಆಮೇಲೆ ಪುಣೆಯ ತಿಲಕ್ ಮಹಾರಾಷ್ಟ್ರ ವಿದ್ಯಾಪೀಠದಲ್ಲಿಯೂ ಅಧ್ಯಯನವನ್ನು ಮುಂದುವರಿಸಿದನು. ಸರಕಾರದ ಮುದ್ರೆಯನ್ನು ನಿರಾಕರಿಸುವುದು ಬೇರೆ, ವಿದ್ಯೆಯನ್ನು ನಿರಾಕರಿಸುವುದು ಬೇರೆ ಎಂಬ ಈ ವಿವೇಕವು ಮುಂದೆ ಅವರು ವಿದ್ಯಾರ್ಥಿಗಳೊಡನೆ ನಡೆದುಕೊಂಡ ರೀತಿಗೆ ಬುನಾದಿಯಾಯಿತು.

ಓದು ಮುಗಿದ ಮೇಲೆ ಅವರು ಕಾರ್ಮಿಕ ನಾಯಕ ಎನ್. ಎಂ. ಜೋಶಿಯವರ ಬಳಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. ದುಡಿಯುವ ಜನರ ಬದುಕನ್ನೂ ಸಂಘಟನೆಯ ಕ್ರಮವನ್ನೂ ಅವರು ಹತ್ತಿರದಿಂದ ಕಂಡದ್ದು ಆಗಲೇ. ಆದರೆ ದೇಹ ಸಹಕರಿಸಲಿಲ್ಲ. ತೀವ್ರ ಅನಾರೋಗ್ಯದಿಂದ ಆ ಕೆಲಸವನ್ನು ಬಿಡಬೇಕಾಯಿತು. ಚೇತರಿಸಿಕೊಂಡ ಮೇಲೆ ಅವರು 1929ರಲ್ಲಿ ನಿಜಾಮರ ಸಂಸ್ಥಾನದ ಉಸ್ಮಾನಾಬಾದ್ ಜಿಲ್ಲೆಗೆ, ಅಂದರೆ ಇಂದಿನ ಧಾರಾಶಿವಕ್ಕೆ ಸೇರಿದ ಹಿಪ್ಪರಗಾ ಎಂಬ ಹಳ್ಳಿಯ ರಾಷ್ಟ್ರೀಯ ಶಾಲೆಗೆ ಬಂದು ಮುಖ್ಯೋಪಾಧ್ಯಾಯರಾದರು.

ಸಂಸ್ಥಾನದಲ್ಲಿ ಇಂಥ ಶಾಲೆಗಳ ಮಹತ್ವವನ್ನು ಅರಿಯಬೇಕಾದರೆ ಅಲ್ಲಿನ ಶಿಕ್ಷಣದ ಸ್ಥಿತಿಯನ್ನು ನೆನೆಯಬೇಕು. ಸಂಸ್ಥಾನದ ಹದಿನಾರು ಜಿಲ್ಲೆಗಳಲ್ಲಿ ಎಂಟು ತೆಲುಗಿನವು, ಐದು ಮರಾಠಿಯವು, ಮೂರು ಕನ್ನಡದವು. ಆದರೆ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾ ಮಾಧ್ಯಮವೂ ಉರ್ದುವೇ. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಬಹುದೆಂದು ತೋರಿಸಿಕೊಟ್ಟ ಕೀರ್ತಿ ಆ ವಿಶ್ವವಿದ್ಯಾನಿಲಯಕ್ಕೆ ಸಲ್ಲಬೇಕಾದದ್ದೇ. ಆದರೆ ಬೀದರ, ಗುಲಬರ್ಗಾ, ರಾಯಚೂರುಗಳ ಕನ್ನಡ ಹುಡುಗನಿಗೆ ಅದು ತನ್ನ ಭಾಷೆಯಾಗಿರಲಿಲ್ಲ. ಗುಲಬರ್ಗಾದಲ್ಲಿ 1907ರಲ್ಲಿ ಆರಂಭವಾದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಮೊದಲಾದವು ಈ ಕೊರತೆಯನ್ನು ನೀಗಲು ಹುಟ್ಟಿದವು. ಜೊತೆಗೆ ಸಾರ್ವಜನಿಕ ಸಭೆಗಳಿಗೆ ಮುಂಚಿತವಾಗಿ ಅನುಮತಿ ಪಡೆಯಬೇಕೆಂದು ವಿಧಿಸಿದ್ದ, ಗಸ್ತಿ ನಿಶಾನ್ 53 ಎಂದು ಹೆಸರಾಗಿದ್ದ ಸುತ್ತೋಲೆಯಿತ್ತು. ಸಭೆ ಸೇರುವುದೇ ಅಪರಾಧವಾಗಬಹುದಾಗಿದ್ದಲ್ಲಿ ಯುವಕರು ಒಟ್ಟಿಗೆ ಕುಳಿತು ಆಲೋಚಿಸಲು ಉಳಿದಿದ್ದ ಸ್ಥಳಗಳೆಂದರೆ ಶಾಲೆ, ವಾಚನಾಲಯ, ವಸತಿಗೃಹ ಮತ್ತು ವ್ಯಾಯಾಮಶಾಲೆ.

ಹಿಪ್ಪರಗಾದಲ್ಲಿ ಇದ್ದಾಗಲೇ ಅವರು ಸ್ವಾಮಿ ರಾಮತೀರ್ಥರ ಪರಂಪರೆಗೆ ಸೇರಿದ ನಾರಾಯಣ ತೀರ್ಥರಿಂದ ಸಂನ್ಯಾಸ ದೀಕ್ಷೆ ಪಡೆದು ರಾಮಾನಂದ ತೀರ್ಥರಾದರು. ಆದರೆ ಅವರು ಮಠವನ್ನು ಕಟ್ಟಲಿಲ್ಲ, ಶಾಲೆಯನ್ನು ಬಿಡಲಿಲ್ಲ. ಕೆಲವು ವರ್ಷಗಳ ನಂತರ ಮೊಮಿನಾಬಾದ್, ಅಂದರೆ ಇಂದಿನ ಅಂಬಾಜೋಗಾಯಿಗೆ ಬಂದು ಯೋಗೇಶ್ವರೀ ವಿದ್ಯಾಲಯವನ್ನು ಸಹೋದ್ಯೋಗಿಗಳೊಡನೆ ಬೆಳೆಸಿದರು. ವಿದ್ಯಾರ್ಥಿಗಳ ಪಾಲಿಗೆ ಈ ಕಾವಿ ಬಟ್ಟೆಯ ಮೇಷ್ಟರು ಮೋಕ್ಷಮಾರ್ಗವನ್ನು ಬೋಧಿಸುವ ಗುರುವಾಗಿರಲಿಲ್ಲ. ಊರಿನ, ನಾಡಿನ ಸ್ಥಿತಿಯನ್ನು ಕುರಿತು ಅವರಿಂದಲೇ ಉತ್ತರವನ್ನು ಬೇಡುವ ಗುರುವಾಗಿದ್ದರು.

1938ರ ವೇಳೆಗೆ ಸ್ವಾಮೀಜಿ ಶಾಲೆಯಿಂದ ರಾಜಕಾರಣಕ್ಕೆ ಬಂದರು. ಸಂಸ್ಥಾನದಲ್ಲಿ ಅದುವರೆಗೆ ಆಂಧ್ರ ಮಹಾಸಭೆ, ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತು ಎಂಬ ಮೂರು ಪ್ರಾದೇಶಿಕ ಸಂಸ್ಥೆಗಳಿದ್ದವು. ಈ ಮೂರನ್ನೂ ಒಗ್ಗೂಡಿಸುವ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಸ್ಥಾಪಿಸುವ ಪ್ರಯತ್ನ ನಡೆದಾಗ, ಅದು ಹುಟ್ಟುವ ಮೊದಲೇ, ಸೆಪ್ಟೆಂಬರ್ ತಿಂಗಳಲ್ಲಿ ಸರಕಾರವು ಅದನ್ನು ನಿಷೇಧಿಸಿತು. ಅಕ್ಟೋಬರ್ 24ರಂದು ಹೈದರಾಬಾದ್ ನಗರದಲ್ಲಿ ಸತ್ಯಾಗ್ರಹ ಆರಂಭವಾಯಿತು. ಗೋವಿಂದರಾವ್ ನಾನಲರ ಮೊದಲ ತಂಡದ ಹಿಂದೆಯೇ ಸ್ವಾಮೀಜಿಯವರ ತಂಡವೂ ಸೆರೆಮನೆ ಸೇರಿತು.

ಅವರು ಒಳಗಿದ್ದಾಗಲೇ ಹೊರಗೆ ಒಂದು ಅನಿರೀಕ್ಷಿತ ಘಟನೆ ನಡೆಯಿತು. 1938ರ ನವೆಂಬರ್ ತಿಂಗಳಲ್ಲಿ ಔರಂಗಾಬಾದಿನ ಕಾಲೇಜಿನಲ್ಲಿಯೂ ಅನಂತರ ಉಸ್ಮಾನಿಯಾದ ವಸತಿಗೃಹಗಳಲ್ಲಿಯೂ ವಿದ್ಯಾರ್ಥಿಗಳು ಪ್ರಾರ್ಥನೆಯ ವೇಳೆ ವಂದೇ ಮಾತರಂ ಹಾಡತೊಡಗಿದರು. ಅಧಿಕಾರಿಗಳು ಅದನ್ನು ತಡೆದರು. ವಿದ್ಯಾರ್ಥಿಗಳು ತರಗತಿಗಳನ್ನು ಬಹಿಷ್ಕರಿಸಿದರು. ಮುಷ್ಕರ ಗುಲಬರ್ಗಾ, ವರಂಗಲ್ ಮೊದಲಾದ ಕಡೆಗಳಿಗೂ ಹಬ್ಬಿತು. ಕ್ಷಮೆ ಕೇಳಿದವರಿಗೆ ಮರುಪ್ರವೇಶ, ಕೇಳದವರಿಗೆ ಬಹಿಷ್ಕಾರ ಎಂಬ ನಿಲುವನ್ನು ಸರಕಾರ ತಳೆಯಿತು. ನೂರಾರು ವಿದ್ಯಾರ್ಥಿಗಳು ಕ್ಷಮೆ ಕೇಳಲಿಲ್ಲ.

ಈ ಮುಷ್ಕರವನ್ನು ಯಾವ ಹಿರಿಯ ನಾಯಕನೂ ಘೋಷಿಸಿರಲಿಲ್ಲ ಎಂಬುದು ಗಮನಾರ್ಹ. ನಾಯಕರಲ್ಲಿ ಅನೇಕರು ಸೆರೆಯಲ್ಲಿದ್ದರು. ಡಿಸೆಂಬರ್ ತಿಂಗಳಲ್ಲಿ, ಆರ್ಯ ಸಮಾಜ ಮತ್ತು ಹಿಂದೂ ಮಹಾಸಭೆಗಳ ಚಳವಳಿಯೊಡನೆ ತನ್ನ ಹೋರಾಟ ಬೆರೆತುಹೋಗಬಾರದೆಂಬ ಕಾರಣಕ್ಕೆ, ಗಾಂಧೀಜಿಯವರ ಸಲಹೆಯಂತೆ ಸ್ಟೇಟ್ ಕಾಂಗ್ರೆಸ್ಸು ಸತ್ಯಾಗ್ರಹವನ್ನೇ ನಿಲ್ಲಿಸಿತು. ಹುಡುಗರು ಒಂಟಿಯಾದರು. ಮನೆಗಳಲ್ಲಿ ಅವರನ್ನು ಕಾದಿದ್ದದ್ದು ಹೊಗಳಿಕೆಯಲ್ಲ. ತಂದೆಯು ಸರಕಾರದ ನೌಕರನಾಗಿದ್ದರೆ ಮಗನ ಹಟವು ಇಡೀ ಕುಟುಂಬದ ಅನ್ನಕ್ಕೆ ಸಂಚಕಾರ ತರಬಹುದಾಗಿತ್ತು. ಹೊಲವನ್ನು ಒತ್ತೆಯಿಟ್ಟು ಓದಿಸುತ್ತಿದ್ದ ರೈತನಿಗೆ ಮಗನ ಪದವಿಯೇ ಸಾಲಕ್ಕೆ ಆಧಾರ. ಒಂದು ಕ್ಷಮಾಪಣೆಯ ಕಾಗದಕ್ಕೆ ಸಹಿ ಹಾಕಿದ್ದರೆ ಎಲ್ಲವೂ ಮೊದಲಿನಂತಾಗುತ್ತಿತ್ತು. ಸಹಿ ಹಾಕದಿರುವ ನಿರ್ಧಾರವನ್ನು ಆ ಹುಡುಗರು ತಾವೇ ಮಾಡಿದರು, ಅದರ ಬೆಲೆಯನ್ನೂ ತಾವೇ ತೆತ್ತರು.

ಅವರ ನೆರವಿಗೆ ಬಂದದ್ದು ನಾಗಪುರ ವಿಶ್ವವಿದ್ಯಾನಿಲಯ. ಅಲ್ಲಿನ ಕುಲಪತಿ ಟಿ. ಜೆ. ಕೇದಾರರು ಬಹಿಷ್ಕೃತ ವಿದ್ಯಾರ್ಥಿಗಳಿಗೆ ಪ್ರವೇಶ ನೀಡಿದರು. ಉರ್ದು ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನಲ್ಲಿ ಪಾಠ ಕೇಳಬೇಕಾಯಿತು. ಪರಸ್ಥಳದಲ್ಲಿ ಊಟ ವಸತಿಗಳ ಏರ್ಪಾಡನ್ನು ತಾವೇ ಮಾಡಿಕೊಳ್ಳಬೇಕಾಯಿತು. ಹಾಗೆ ಹೋದವರಲ್ಲಿ ವರಂಗಲ್ಲಿನಲ್ಲಿ ಓದುತ್ತಿದ್ದ ಹದಿನೇಳು ವರ್ಷದ ಪಿ. ವಿ. ನರಸಿಂಹರಾವ್ ಒಬ್ಬರು. ಮುಂದೆ ಅವರು ಸ್ವಾಮೀಜಿಯವರ ಆಪ್ತ ಶಿಷ್ಯರಾದರು. 1991ರಲ್ಲಿ ದೇಶದ ಪ್ರಧಾನಿಯಾದರು. ಬಿಡುಗಡೆಯಾಗಿ ಹೊರಬಂದ ಸ್ವಾಮೀಜಿಗೆ ಸಿದ್ಧವಾಗಿ ಸಿಕ್ಕ ಕಾರ್ಯಕರ್ತರ ಪಡೆಯೆಂದರೆ ಈ ಪೀಳಿಗೆಯೇ. ಹದಿನೇಳರಲ್ಲಿ ಶಾಲೆ ತೊರೆದಿದ್ದ ಸಂನ್ಯಾಸಿ ಮತ್ತು ಹದಿನೇಳರಲ್ಲಿ ಕಾಲೇಜಿನಿಂದ ಹೊರದಬ್ಬಿಸಿಕೊಂಡ ವಿದ್ಯಾರ್ಥಿಗಳ ನಡುವೆ ಬೆಳೆದ ನಂಟಿಗೆ ಸಮಾನ ಅನುಭವವೇ ಮೂಲವಾಗಿತ್ತು.

1940ರಲ್ಲಿ ಗಾಂಧೀಜಿಯವರ ಸಮ್ಮತಿ ಪಡೆದು ಸ್ವಾಮೀಜಿ ಆಯ್ದ ಕೆಲವರೊಡನೆ ವೈಯಕ್ತಿಕ ಸತ್ಯಾಗ್ರಹ ಹೂಡಿ ಮತ್ತೆ ಸೆರೆಮನೆಗೆ ಹೋದರು; 1942ರ ಚಳವಳಿಯಲ್ಲಿ ಇನ್ನೊಮ್ಮೆ. ಕಾಂಗ್ರೆಸ್ ಎಂಬ ಹೆಸರನ್ನು ಬಿಟ್ಟರೆ ಸಂಸ್ಥೆಗೆ ಅವಕಾಶ ನೀಡುವುದಾಗಿ ಸರಕಾರ ಸೂಚಿಸುತ್ತಿದ್ದಾಗ ಅದನ್ನು ಒಪ್ಪಲು ಸ್ವಾಮೀಜಿ ಸಿದ್ಧರಿರಲಿಲ್ಲ. 1946ರಲ್ಲಿ ನಿಷೇಧ ತೆರವಾಯಿತು. ಅಧ್ಯಕ್ಷ ಪದವಿಯ ಚುನಾವಣೆಯಲ್ಲಿ ಸೌಮ್ಯ ಪಂಥದ ಬೂರ್ಗುಲ ರಾಮಕೃಷ್ಣರಾಯರನ್ನು ಸ್ವಾಮೀಜಿ ಅತ್ಯಲ್ಪ ಮತಗಳ ಅಂತರದಿಂದ ಸೋಲಿಸಿದರು. ಕಾದು ನೋಡುವ ಹಿರಿಯರಿಗೂ ಕಾಯಲಾರದ ಕಿರಿಯರಿಗೂ ನಡುವಿನ ಅಂತರವೇ ಈ ಫಲಿತಾಂಶದಲ್ಲಿ ವ್ಯಕ್ತವಾಯಿತು.

1947ರ ಜೂನ್ ತಿಂಗಳಲ್ಲಿ ನಿಜಾಮರು ಸ್ವತಂತ್ರರಾಗಿ ಉಳಿಯುವ ಇರಾದೆಯನ್ನು ಪ್ರಕಟಿಸಿದರು. ಆಗಸ್ಟ್ 7ರಂದು ಸ್ಟೇಟ್ ಕಾಂಗ್ರೆಸ್ಸು ಭಾರತದ ಒಕ್ಕೂಟಕ್ಕೆ ಸೇರಬೇಕೆಂಬ ಬೇಡಿಕೆಯ ದಿನವನ್ನು ಆಚರಿಸಿತು. ಆಗಸ್ಟ್ 15ರಂದು ದೇಶವೆಲ್ಲ ಹಬ್ಬ ಆಚರಿಸುತ್ತಿದ್ದಾಗ ಹೈದರಾಬಾದಿನಲ್ಲಿ ತ್ರಿವರ್ಣ ಧ್ವಜ ಹಾರಿಸುವುದು ಅಪರಾಧವಾಗಿತ್ತು. ಆ ದಿನ ಸುಲ್ತಾನ್ ಬಜಾರಿನಲ್ಲಿ ಧ್ವಜವೇರಿತು, ಸ್ವಾಮೀಜಿ ಬಂಧಿತರಾದರು. ಸ್ಟೇಟ್ ಕಾಂಗ್ರೆಸ್ಸಿನ ಕರೆಗೆ ಓಗೊಟ್ಟು ವಿದ್ಯಾರ್ಥಿಗಳು ಕಾಲೇಜುಗಳಿಂದ, ವಕೀಲರು ನ್ಯಾಯಾಲಯಗಳಿಂದ ಹೊರಬಂದರು. ಸಂಸ್ಥಾನದ ಗಡಿಯುದ್ದಕ್ಕೂ ಶಿಬಿರಗಳು ಎದ್ದವು. ಕನ್ನಡ ಗಡಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯ ಶಿಬಿರವನ್ನು, ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದ ಶಿಬಿರವನ್ನು ಮುನ್ನಡೆಸಿದರು. ಮನೆಮಠಗಳನ್ನು ಬಿಟ್ಟು ಬಂದ ಯುವಕರಿಗೆ ಈ ಶಿಬಿರಗಳೇ ಆಶ್ರಯವಾದವು.

ಈ ಹಂತದಲ್ಲಿ ಆಯ್ಕೆಗಳು ಮತ್ತಷ್ಟು ಕಠಿಣವಾದವು. ಗಾಂಧೀಜಿಯವರಿಂದ ಸತ್ಯಾಗ್ರಹಕ್ಕೆ ಅನುಮತಿ ಪಡೆದಿದ್ದ ಸಂಸ್ಥೆಯ ಯುವಕರು ಈಗ ರಜಾಕಾರರ ಹಾವಳಿಯ ಎದುರು ಆಯುಧ ಹಿಡಿದು ಪೊಲೀಸ್ ಠಾಣೆ, ಕರೋಡಗಿರಿ ನಾಕೆಗಳ ಮೇಲೆ ದಾಳಿ ಮಾಡತೊಡಗಿದರು. 1947ರ ಡಿಸೆಂಬರ್ 4ರಂದು ನಾರಾಯಣರಾವ್ ಪವಾರ್ ಎಂಬ ತರುಣನು ನಿಜಾಮರ ಕಾರಿನ ಮೇಲೆ ಬಾಂಬೆಸೆದನು. ಇನ್ನೊಂದು ಬಗೆಯ ಧೈರ್ಯವೂ ಇದೇ ನಗರದಲ್ಲಿ ಕಂಡುಬಂತು. ಇಮ್ರೋಜ್ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನ್ ರಜಾಕಾರರನ್ನು ಖಂಡಿಸಿ, ಭಾರತದೊಡನೆ ವಿಲೀನವನ್ನು ಬೆಂಬಲಿಸಿ ಬರೆದುದಕ್ಕಾಗಿ 1948ರ ಆಗಸ್ಟಿನಲ್ಲಿ ಕೊಲೆಯಾದರು. ಆಗ ಅವರ ವಯಸ್ಸು ಇಪ್ಪತ್ತೇಳು. ಬಾಂಬೆಸೆದವನು, ಶಿಬಿರ ಸೇರಿದವನು, ಲೇಖನಿ ಹಿಡಿದವನು ಮೂವರೂ ಒಂದೇ ಪೀಳಿಗೆಯವರು. ತನ್ನ ಬದುಕನ್ನು ತಾನೇ ಆಳಬಯಸುವ ಯೌವನವು ಎಲ್ಲರನ್ನೂ ಒಂದೇ ದಾರಿಗೆ ಒಯ್ಯುವುದಿಲ್ಲ ಎಂಬುದಕ್ಕೆ ಹೈದರಾಬಾದಿನ ಆ ವರ್ಷವೇ ಸಾಕ್ಷಿ. ಕಾರ್ಯಾಚರಣೆಯ ಬಳಿಕ ಮರಾಠವಾಡ, ಬೀದರ, ಗುಲಬರ್ಗಾ ಪ್ರದೇಶಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯೂ, ಅದನ್ನು ವಿಚಾರಿಸಿದ ಪಂಡಿತ ಸುಂದರಲಾಲರ ಸಮಿತಿಯ ವರದಿಯೂ ಆ ಇತಿಹಾಸದಿಂದ ಬೇರ್ಪಡಿಸಲಾಗದ ಭಾಗ. ವಿಮೋಚನೆಯ ಕಥೆಯಲ್ಲಿ ಈ ಪುಟವನ್ನು ಮರೆಮಾಡುವುದು, ಶೋಯಬುಲ್ಲಾ ಖಾನರಂಥವರಿಗೆ ಬಗೆಯುವ ಅನ್ಯಾಯವಾದೀತು.

ನವೆಂಬರ್ 1947ರ ಯಥಾಸ್ಥಿತಿ ಒಪ್ಪಂದದ ಸಂದರ್ಭದಲ್ಲಿ ಬಿಡುಗಡೆಯಾಗಿದ್ದ ಸ್ವಾಮೀಜಿಯನ್ನು 1948ರ ಜನವರಿಯಲ್ಲಿ ಮತ್ತೆ ಬಂಧಿಸಲಾಗಿತ್ತು. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದಾಗ ಅವರು ಹೊರಬಂದರು. ಆಮೇಲಿನ ವರ್ಷಗಳು ವಿಜಯದ ವರ್ಷಗಳಂತೆ ಕಂಡರೂ ಅವರಿಗೆ ಸುಗಮವಾಗಿರಲಿಲ್ಲ. ಸ್ಟೇಟ್ ಕಾಂಗ್ರೆಸ್ಸಿನ ಒಳಜಗಳ ಬೆಳೆಯಿತು. 1952ರ ಮೊದಲ ಮಹಾಚುನಾವಣೆಯ ನಂತರ ಮುಖ್ಯಮಂತ್ರಿಯಾದವರು, ಹಿಂದೆ ಸ್ವಾಮೀಜಿಯವರಿಂದ ಸೋತಿದ್ದ ಬೂರ್ಗುಲ ರಾಮಕೃಷ್ಣರಾಯರು. ಸ್ವಾಮೀಜಿ ಗುಲಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದರು. 1957ರಲ್ಲಿ ಔರಂಗಾಬಾದಿನಿಂದ ಆಯ್ಕೆಯಾದರು. ಮಂತ್ರಿಪದವಿಯನ್ನು ಅವರು ಸ್ವೀಕರಿಸಲಿಲ್ಲ.

ಅವರ ಸಾರ್ವಜನಿಕ ಜೀವನದ ಕೊನೆಯ ಮಹತ್ವದ ನಿರ್ಧಾರವು ಹೈದರಾಬಾದ್ ರಾಜ್ಯದ ವಿಭಜನೆಗೆ ಸಂಬಂಧಿಸಿದ್ದು. ಬಹುಭಾಷೆಗಳ ಬೆಸುಗೆಯಾದ ಆ ರಾಜ್ಯವನ್ನು ಹಾಗೆಯೇ ಉಳಿಸಬೇಕೆಂಬ ಅಭಿಪ್ರಾಯ ದೆಹಲಿಯಲ್ಲಿ ಪ್ರಬಲವಾಗಿತ್ತು. ಇಡೀ ಸಂಸ್ಥಾನದ ನಾಯಕರೆಂಬ ಸ್ವಾಮೀಜಿಯವರ ಸ್ಥಾನವೂ ಆ ಏಕತೆಯನ್ನೇ ಆಧರಿಸಿತ್ತು. ಆದರೂ ಅವರು ಭಾಷಾವಾರು ವಿಂಗಡಣೆಯ ಪರವಾಗಿ ನಿಂತರು. ಜನರು ತಮ್ಮ ಭಾಷೆಯಲ್ಲಿ ಆಳ್ವಿಕೆ ನಡೆಸಿಕೊಳ್ಳದೆ ಸ್ವಾತಂತ್ರ್ಯವು ಪೂರ್ಣವಾಗದು ಎಂಬುದು ಅವರ ನಿಲುವಿನ ತಿರುಳು. 1956ರ ನವೆಂಬರ್ 1ರಂದು ಬೀದರ, ಗುಲಬರ್ಗಾ, ರಾಯಚೂರುಗಳು ಮೈಸೂರು ರಾಜ್ಯವನ್ನು ಸೇರಿದವು. ಇಂದು ಕಲ್ಯಾಣ ಕರ್ನಾಟಕವೆನಿಸಿರುವ ಪ್ರದೇಶದ ಹುಡುಗ ಹುಡುಗಿಯರು ತಮ್ಮ ತಾಯ್ನುಡಿಯಲ್ಲಿ ಓದಿ ವಿಶ್ವವಿದ್ಯಾನಿಲಯದ ಮೆಟ್ಟಿಲೇರುವ ದಾರಿ ತೆರೆದದ್ದು ಹೀಗೆ. ತಾನು ಕಟ್ಟಿದ ಸಂಘಟನೆಯ ನೆಲೆಯನ್ನೇ ಬಿಟ್ಟುಕೊಡುವ ತ್ಯಾಗ ಇದರಲ್ಲಿತ್ತು.

ಹೈದರಾಬಾದಿನ ಹೋರಾಟದ ನೆನಪುಗಳನ್ನು ಅವರು 1967ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1972ರ ಜನವರಿ 22ರಂದು ಹೈದರಾಬಾದಿನಲ್ಲಿ ಅವರು ದೇಹವನ್ನು ತ್ಯಜಿಸಿದರು. ಆಗ ಆಂಧ್ರಪ್ರದೇಶದ ಮುಖ್ಯಮಂತ್ರಿಯಾಗಿದ್ದವರು ಅವರ ಶಿಷ್ಯ ನರಸಿಂಹರಾವ್. ನಗರದ ಬೇಗಂಪೇಟೆಯಲ್ಲಿ ಅವರ ಸಮಾಧಿಯಿದೆ. 1994ರಲ್ಲಿ ನಾಂದೇಡಿನಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಅವರ ಹೆಸರನ್ನು ಹೊತ್ತಿದೆ. ಸರಕಾರಿ ಶಾಲೆಯನ್ನು ತೊರೆದು ಬಂದವರ, ಬಹಿಷ್ಕೃತ ವಿದ್ಯಾರ್ಥಿಗಳನ್ನು ಸಂಗಡಿಗರನ್ನಾಗಿ ಮಾಡಿಕೊಂಡವರ ಹೆಸರಿನಲ್ಲಿ ಒಂದು ವಿಶ್ವವಿದ್ಯಾನಿಲಯವೇ ನಡೆಯುತ್ತಿರುವುದು ಔಚಿತ್ಯಪೂರ್ಣವಾಗಿದೆ.

ಸ್ವಾಮಿ ರಾಮಾನಂದ ತೀರ್ಥರು ಯುವಕರಿಗೆ ಗುರಿಯನ್ನು ತೋರಿಸಿದರು, ಶಿಸ್ತನ್ನು ಕಲಿಸಿದರು. ಆದರೆ ಅವರ ಪರವಾಗಿ ನಿರ್ಧಾರ ಮಾಡಲಿಲ್ಲ. 1938ರ ಚಳಿಗಾಲದಲ್ಲಿ ಕ್ಷಮಾಪಣೆಯ ಕಾಗದವನ್ನು ಹಿಂದಿರುಗಿಸಿದ ವಿದ್ಯಾರ್ಥಿಗಳ ಬಳಿ ಯಾವ ನಾಯಕನೂ ಇರಲಿಲ್ಲ. ಅವರಲ್ಲಿ ಬಹುಮಂದಿಯ ಹೆಸರು ಇತಿಹಾಸದ ಪುಟಗಳಲ್ಲಿ ಉಳಿದಿಲ್ಲ. ಕೆಲವರು ಶಿಕ್ಷಕರಾಗಿ, ವಕೀಲರಾಗಿ, ಪತ್ರಕರ್ತರಾಗಿ ತಮ್ಮ ಊರುಗಳಲ್ಲಿ ಬಾಳಿ ತೀರಿಕೊಂಡರು. ಸ್ವಾಮೀಜಿಯವರನ್ನು ಸ್ಮರಿಸುವಾಗ ಆ ಅನಾಮಿಕ ವಿದ್ಯಾರ್ಥಿಗಳನ್ನೂ ಸ್ಮರಿಸುವುದು ಯುಕ್ತ. ಏಕೆಂದರೆ ಗುರುವಿನ ಹಿರಿಮೆಯನ್ನು ಅಳೆಯಲು, ಅವನಿಲ್ಲದ ಹೊತ್ತಿನಲ್ಲಿ ಶಿಷ್ಯರು ನಡೆದುಕೊಂಡ ರೀತಿಗಿಂತ ಉತ್ತಮವಾದ ಅಳತೆಗೋಲು ಬೇರೊಂದಿಲ್ಲ.