ಮರಳಿ ದೊರೆಯದ ಹಸಿರು ಮಸ್ಟಾಂಗ್

2020ರ ಜನವರಿಯಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 1968ರ ಫೋರ್ಡ್ ಮಸ್ಟಾಂಗ್ ಕಾರೊಂದು ಶುಲ್ಕವೂ ಸೇರಿ 37.4 ಲಕ್ಷ ಡಾಲರಿಗೆ ಹರಾಜಾಯಿತು. ಬಣ್ಣ ಮಾಸಿ, ತುಕ್ಕು ಹಿಡಿದಿದ್ದ ವಾಹನಕ್ಕೆ ಇಷ್ಟು ಬೆಲೆಯೇ ಎಂದು ಬೆರಗಾದ ನನಗೆ, ಅದನ್ನು ಬಯಸಿಯೂ ಪಡೆಯಲಾಗದೆ ಹೋದ ನಟ ಸ್ಟೀವ್ ಮೆಕ್ವೀನ್ ನೆನಪಾದರು.

1930ರಲ್ಲಿ ಇಂಡಿಯಾನಾದಲ್ಲಿ ಜನಿಸಿದ ಅವರನ್ನು ತಂದೆ ಶೈಶವದಲ್ಲೇ ತೊರೆದರು. ದಾರಿ ತಪ್ಪುತ್ತಿದ್ದ ಹುಡುಗನನ್ನು ಕ್ಯಾಲಿಫೋರ್ನಿಯಾದ ಬಾಯ್ಸ್ ರಿಪಬ್ಲಿಕ್ ಎಂಬ ಸುಧಾರಣಾ ಶಾಲೆ ತಿದ್ದಿತು. ಬಳಿಕ ಮರೀನ್ ಪಡೆಯ ಸೇವೆ, ಅನಂತರ ನಟನೆ. ಕೀರ್ತಿಯ ತುದಿಯಲ್ಲಿದ್ದಾಗಲೂ ಅವರು ಆ ಶಾಲೆಯ ಹುಡುಗರನ್ನು ಕಾಣಲು ಹೋಗುತ್ತಿದ್ದರೆಂಬುದು ನನಗೆ ಅವರ ಯಾವ ಪಾತ್ರಕ್ಕಿಂತಲೂ ಹಿರಿದೆನಿಸುತ್ತದೆ.

‘ಬುಲಿಟ್’ (1968) ಚಿತ್ರಕ್ಕಾಗಿ ಈ ಕಾರಿನ ಎಂಜಿನ್, ಸಸ್ಪೆನ್ಷನ್‌ಗಳನ್ನು ಮ್ಯಾಕ್ಸ್ ಬಾಲ್ಚೌಸ್ಕಿ ಮಾರ್ಪಡಿಸಿದರು. ಸ್ಯಾನ್ ಫ್ರಾನ್ಸಿಸ್ಕೊದ ಏರಿಳಿತದ ಬೀದಿಗಳಲ್ಲಿ ಮೆಕ್ವೀನ್ ಸ್ವತಃ ಓಡಿಸಿದರು; ಹೆಚ್ಚು ಅಪಾಯದ ದೃಶ್ಯಗಳನ್ನು ಬಡ್ ಎಕಿನ್ಸ್‌ರಂಥ ಸಾಹಸ ಕಲಾವಿದರು ನಿರ್ವಹಿಸಿದರು.

1974ರಲ್ಲಿ ಜಾಹೀರಾತು ಕಂಡು ನ್ಯೂಜೆರ್ಸಿಯ ಕುಟುಂಬವೊಂದು ಈ ಕಾರನ್ನು ಕೊಂಡು, ದಿನಬಳಕೆಗೆ ಇಟ್ಟುಕೊಂಡಿತು. 1977ರಲ್ಲಿ ಮೆಕ್ವೀನ್ ಪತ್ರ ಬರೆದು ಅದನ್ನು ಕೇಳಿದರು. ಬದಲಿಗೆ ಇನ್ನೊಂದು ಮಸ್ಟಾಂಗ್ ಹುಡುಕಿಕೊಡಲೂ ಸಿದ್ಧರಿದ್ದರು. ಕುಟುಂಬ ಒಪ್ಪಲಿಲ್ಲ. ಆಸ್‌ಬೆಸ್ಟಾಸ್‌ಗೆ ಸಂಬಂಧಿಸಿದ ಕ್ಯಾನ್ಸರಿನಿಂದ ಬಳಲುತ್ತಿದ್ದ ಅವರು 1980ರ ನವೆಂಬರ್ 7ರಂದು, ಮೆಕ್ಸಿಕೊದಲ್ಲಿ ನಡೆದ ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ, 50ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೊಡೆವೆಂದವರನ್ನು ನಾನು ದೂರಲಾರೆ. ಅವರಿಗದು ಮನೆಯ ಕಾರು. ಮೆಕ್ವೀನ್‌ಗೆ ಕೈಜಾರಿದ ಯೌವನ. ಇವೆರಡರಲ್ಲಿ ಯಾವ ಹಕ್ಕು ದೊಡ್ಡದೆಂಬುದನ್ನು ಹರಾಜಿನ ಸುತ್ತಿಗೆ ತೀರ್ಮಾನಿಸಲಾರದು.